ಕುಳಗಿಯಲ್ಲಿ ಕೈ ಹಾಡಿತು

ದಾಂಡೇಲಿಯಿಂದ ಅಂಬಿಕಾನಗರದ ಹಾದಿಯಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ಕುಳಗಿ. ತೇಗ, ಮತ್ತಿ, ಬಿದಿರುಗಳ ನಡುವೆ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ. 1956ರಲ್ಲಿ ವನ್ಯಧಾಮವೆನಿಸಿದ ಈ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಇಲ್ಲಿಗೆ ಬಂದವರು ಮೊದಲು ಕಲಿಯಬೇಕಾದ ಪಾಠವೆಂದರೆ ಮೌನ. ಕಳೆದ ರಜೆಯಲ್ಲಿ ಮನೆಯಾಕೆ ಮತ್ತು ಎಂಟು ವರ್ಷದ ಮಗಳೊಡನೆ ಅಲ್ಲಿ ತಂಗಿದ್ದೆ.

ಮಗಳಿಗಾದರೋ ಆ ಪಾಠ ಆಗಲೇ ಬಂದಿತ್ತು. ಸಂಗೀತದ ತರಗತಿಯಲ್ಲಿ ಯಾರೋ, “ನಿನಗೆ ಶ್ರುತಿ ಸೇರದು, ಸುಮ್ಮನೆ ಕುಳಿತಿರು” ಎಂದಿದ್ದರಂತೆ. ಅಂದಿನಿಂದ ಅವಳು ಹಾಡುವುದನ್ನೇ ಬಿಟ್ಟಿದ್ದಳು. ಅದೇ ವಯಸ್ಸಿನಲ್ಲಿ ಅದೇ ಮಾತು ಕೇಳಿದ ನಾನು ಸ್ನಾನದ ಮನೆಯಲ್ಲಿಯೂ ಗುನುಗಿದವನಲ್ಲ. ಈ ಪಿತ್ರಾರ್ಜಿತ ಅವಳಿಗೆ ಬೇಡವೆಂದು ಜೀವ ಮಿಡುಕುತ್ತಿತ್ತು.

ಸಂಜೆ ಗುಡಾರದ ಮುಂದೆ ಕುಳಿತಾಗ ಎಂದೋ ಓದಿದ್ದೊಂದು ನೆನಪಾಯಿತು. ಇಂಗ್ಲೆಂಡಿನ ಜಾನ್ ಕರ್ವೆನ್ 1870ರ ಸುಮಾರಿಗೆ ಸ್ವರಕ್ಕೊಂದರಂತೆ ಹಸ್ತಸಂಜ್ಞೆ ಗೊತ್ತುಮಾಡಿದರು. ಹಂಗೇರಿಯ ಜೋಲ್ತಾನ್ ಕೊಡಾಯ್ ಅವರ ಬೋಧನಾಕ್ರಮದ ಮೂಲಕ ಅದು ಎಳೆಯರ ಶಾಲೆಗಳಲ್ಲಿ ಹರಡಿತು. ನಮ್ಮ ಷಡ್ಜದ ಸ್ಥಾನಕ್ಕೆ ಸೊಂಟದೆತ್ತರದಲ್ಲಿ ಮುಷ್ಟಿ. ಅಂತರ ಗಾಂಧಾರಕ್ಕೆ ನೆಲದತ್ತ ಚಾಚಿದ ಅಂಗೈ. ಪಂಚಮಕ್ಕೆ ತನ್ನತ್ತ ತಿರುಗಿದ ಅಂಗೈ. ಸ್ವರ ಏರಿದಂತೆ ಕೈಯೂ ಏರುತ್ತದೆ. ಕಿವಿಗೆ ಮಾತ್ರ ತಿಳಿಯುತ್ತಿದ್ದ ಏರಿಳಿತ ಕಣ್ಣಿಗೂ ತೋಳಿಗೂ ತಿಳಿಯುತ್ತದೆ. ಇದು ನಮಗೆ ತೀರ ಪರಕೀಯವೂ ಅಲ್ಲ. ಸಾಮಗಾನದ ಸ್ವರಗಳನ್ನು ಬೆರಳುಗಳ ಮೇಲೆ ಗುರುತಿಸುವ ಕ್ರಮವನ್ನು ನಾರದೀಯ ಶಿಕ್ಷೆ ಹೇಳುತ್ತದೆ. ಅದಕ್ಕೆ ‘ಗಾತ್ರವೀಣೆ’ಯೆಂಬ ಹೆಸರೂ ಉಂಟು.

ಕಾಡಿನಲ್ಲಿ ಗದ್ದಲ ಕೂಡದು, ನಿಜ. ಕೈಯಿಂದ ಹಾಡಲು ಅಡ್ಡಿಯೇನು? ಪಂಚಮ, ಗಾಂಧಾರ ಎರಡನ್ನೇ ತೋರಿಸಿದೆ. ಮಗಳ ಕೈ ಏರಿತು, ಇಳಿಯಿತು. ಆಮೇಲೆ ಕೇಳಿದಳು: “ಅಪ್ಪಾ, ಅದು ಕೇಳುವುದಕ್ಕೆ ಹೇಗಿರುತ್ತದೆ?”

ಸ್ವರವಿಲ್ಲದ ಸಂಜ್ಞೆ ಬರಿಯ ಕೈಯಾಟ. ಹಾಡದೆ ಗತ್ಯಂತರವಿರಲಿಲ್ಲ. ಮನೆಯಾಕೆ ಮೆಲ್ಲನೆ ಷಡ್ಜ ಹಿಡಿದಳು. ಇಪ್ಪತ್ತೆಂಟು ವರ್ಷಗಳ ಮೇಲೆ ನಾನು ಬಾಯಿ ತೆರೆದೆ. ಪಂಚಮವೇನೋ ಬಂತು, ಗಾಂಧಾರ ಬೇಕಾದ್ದಕ್ಕಿಂತ ಕೆಳಗೆ ಜಾರಿತು. ಮಗಳು ಏನೂ ಹೇಳದೆ ನನ್ನ ಅಂಗೈಯನ್ನು ತುಸು ಮೇಲಕ್ಕೆತ್ತಿ ಹಿಡಿದಳು. ಮತ್ತೆ ಹಾಡಿದೆ. ಈ ಸಲ ಅವಳೂ ದನಿಗೂಡಿಸಿದಳು.

ಶ್ರುತಿ ಸೇರದವಳೆನಿಸಿಕೊಂಡ ಹುಡುಗಿ ನನ್ನ ಅಪಸ್ವರವನ್ನು ಹಿಡಿದಿದ್ದಳು! ಅವಳ ಕಿವಿ ನೆಟ್ಟಗೇ ಇತ್ತು. ಕಂಠಕ್ಕೆ ದಾರಿ ತೋರುವ ಒಂದು ಕೈ ಬೇಕಾಗಿತ್ತು, ಅಷ್ಟೆ. ತೇಗದ ಮೇಲೆಲ್ಲೋ ಮಂಗಟ್ಟೆ ಹಕ್ಕಿಯೊಂದು ಕರ್ಕಶವಾಗಿ ಕೂಗಿತು. ಅದನ್ನು ಸುಮ್ಮನಿರೆನ್ನುವವರು ಅಲ್ಲಿ ಯಾರೂ ಇರಲಿಲ್ಲ.