ಎರಡು ಅಂಕ, ನಾಲ್ಕು ಅಂಕ

ಬ್ರಿಟನ್ನಿನಲ್ಲಿ ಅಂಗವಿಕಲರಿಗೆ ‘ಪಿಪ್’ ಅನ್ನೋ ಭತ್ಯೆ ಇದೆ. ಅರ್ಹತೆ ಅಳೆಯೋದು ಅಂಕಗಳಲ್ಲಿ. ಸೊಂಟದ ಕೆಳಗೆ ತೊಳೆದುಕೊಳ್ಳೋಕೆ ಇನ್ನೊಬ್ಬರು ಬೇಕಾದರೆ 2, ಭುಜದಿಂದ ಸೊಂಟದವರೆಗೆ ಬೇಕಾದರೆ 4. ದಿನನಿತ್ಯದ ಕೆಲಸಗಳಲ್ಲಿ ಒಟ್ಟು 8 ಆದರೆ ಭತ್ಯೆ.

2025ರ ಮಾರ್ಚ್‌ನಲ್ಲಿ ಸರ್ಕಾರ ಹೊಸ ಷರತ್ತು ಮುಂದಿಟ್ಟಿತು: ಒಂದಾದರೂ ಕೆಲಸದಲ್ಲಿ 4 ಅಂಕ ಬರಲೇಬೇಕು. ಅಂದರೆ ಸ್ನಾನ, ಬಟ್ಟೆ, ಶೌಚ, ಅಡುಗೆ ನಾಲ್ಕರಲ್ಲೂ ಎರಡೆರಡು ಅಂಕ ಪಡೆದು ಹೇಗೋ ದಿನ ನೂಕುವವರು ಹೊರಗೆ! ಈ ಷರತ್ತಿನ ಬಗ್ಗೆ ಜನಾಭಿಪ್ರಾಯವನ್ನೂ ಕೇಳಿರಲಿಲ್ಲ.

ಹೆಚ್ಚು ಜನರನ್ನು ಉದ್ಯೋಗಕ್ಕೆ ತರಬೇಕು ಅನ್ನೋದು ಸರ್ಕಾರದ ವಾದ. ಆದರೆ ಉದ್ಯೋಗಕ್ಕೆ ಹೋಗುವವರಿಗೂ ಪಿಪ್ ಸಿಗುತ್ತದೆ. ಟ್ಯಾಕ್ಸಿ, ಸಹಾಯಕರು, ಉಪಕರಣಗಳು ಅಂತ ಅಂಗವೈಕಲ್ಯ ತರುವ ಖರ್ಚಿಗೆ ಅದು ಆಸರೆ. ಅದನ್ನೇ ಕಿತ್ತುಕೊಂಡು ‘ದುಡಿಯಿರಿ’ ಅಂದರೆ ಅವರು ಆಫೀಸು ಸೇರೋದು ಹೇಗೆ?

ಪ್ರತಿಭಟನೆ, ಸ್ವಪಕ್ಷದ ಸಂಸದರ ಬಂಡಾಯದ ನಂತರ ಜುಲೈ 1ರಂದು ಸರ್ಕಾರ ಆ ಷರತ್ತು ಕೈಬಿಟ್ಟಿತು. ಆದರೆ 2026ರ ಏಪ್ರಿಲ್‌ನಿಂದ ಹೆಚ್ಚಿನ ಹೊಸ ಅರ್ಜಿದಾರರಿಗೆ ‘ಯೂನಿವರ್ಸಲ್ ಕ್ರೆಡಿಟ್’ ಅನ್ನೋ, ಕಡಿಮೆ ಆದಾಯದವರಿಗೆ ಕೊಡುವ ನೆರವಿನಲ್ಲಿರುವ ಆರೋಗ್ಯ ಭತ್ಯೆಯನ್ನು ಸುಮಾರು ಅರ್ಧಕ್ಕಿಳಿಸುವ ಕಾನೂನು ಪಾಸಾಯಿತು.

ಖಜಾನೆಗೆ ಉಳಿತಾಯ ಬೇಕಿರಬಹುದು. ಅದನ್ನು ಇನ್ನೊಬ್ಬರ ನೆರವಿಲ್ಲದೆ ಸ್ನಾನ ಮಾಡಲಾಗದವರಿಂದ ವಸೂಲಿ ಮಾಡಬಾರದು. ಎಲ್ಲಿಯೇ ಆಗಲಿ, ಇಂಥ ನಿಯಮ ಬರೆಯುವ ಮುಂಚೆ ಅದರಡಿ ಬದುಕಬೇಕಾದವರನ್ನು ಕೂರಿಸಿಕೊಂಡು ಕೇಳಲೇಬೇಕು.