ಗಾಲಿಯ ಮನೆಯಲ್ಲಿ ಐಹೊಳೆಗೆ

ಹೋದ ಪುಷ್ಯಮಾಸದಲ್ಲಿ ನಾವು ಸಂಸಾರಸಮೇತರಾಗಿ ಐಹೊಳೆಗೆ ಹೋಗಿಬಂದೆವು. ವಾಚಕರಲ್ಲಿ ಆ ಊರನ್ನು ಕಂಡವರು ಅನೇಕರಿರಬಹುದು; ಆದರೆ ನಾವು ಹೋದ ಬಗೆ ತುಸು ಹೊಸದಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುವ ಮನಸ್ಸಾಯಿತು. ಮಂಚ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ, ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡು ಓಡುವ ಮೋಟಾರು ಮನೆಗಳು ಈಚೆಗೆ ಬೆಂಗಳೂರಿನಲ್ಲಿಯೂ ಬಾಡಿಗೆಗೆ ದೊರೆಯುತ್ತಿವೆ. ಅಂತಹದೊಂದನ್ನು ನಾಲ್ಕು ದಿನಗಳ ಮಟ್ಟಿಗೆ ಗೊತ್ತುಮಾಡಿ, ವೃದ್ಧರಾದ ತಾಯಿಯವರು, ಮನೆಯಾಕೆ ಮತ್ತು ಮಕ್ಕಳಿಬ್ಬರೊಡನೆ ಹೊರಟೆನು.

ವಿನೋದಕ್ಕಾಗಿಯೇ ಇಂತಹ ಮನೆಯನ್ನು ಕಟ್ಟಿಸಿ ಊರೂರು ತಿರುಗಿದವರಲ್ಲಿ ಮೊದಲಿಗನೆಂದು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಹೇಳುವುದುಂಟು. 1885ರಲ್ಲಿ ಆತನ ‘ವಾಂಡರರ್’ ಬಂಡಿಯನ್ನು ಕುದುರೆಗಳು ಎಳೆದವು. ಇದನ್ನು ನಾನು ಮಕ್ಕಳಿಗೆ ದೊಡ್ಡಸ್ತಿಕೆಯಿಂದ ವಿವರಿಸುತ್ತಿರಲು ತಾಯಿಯವರು ನಕ್ಕುಬಿಟ್ಟರು. ಗದಗಿನ ಕಡೆಯವರಾದ ಅವರು ಬಾಲ್ಯದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಕೊಲ್ಲಾರಿ ಬಂಡಿಯಲ್ಲಿ ಹೋಗುತ್ತಿದ್ದರಂತೆ. ಬಂಡಿಯ ತುಂಬ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಕೌದಿಗಳು. ಇಳಿದಲ್ಲಿ ಮೂರು ಕಲ್ಲಿನ ಒಲೆ. ಎತ್ತುಗಳನ್ನು ಗಾಲಿಗೆ ಕಟ್ಟಿ ಬಂಡಿಯ ಕೆಳಗೆ ಗಂಡಸರ ನಿದ್ದೆ. “ಅದೂ ಗಾಲಿಯ ಮನೆಯೇ ಅಲ್ಲವೇನೋ? ಬಾಡಿಗೆ ಮಾತ್ರ ಇರಲಿಲ್ಲ” ಎಂದರು. ನಾನು ಸುಮ್ಮನಾದೆನು.

ಚಿತ್ರದುರ್ಗ, ಹೊಸಪೇಟೆ, ಇಳಕಲ್ಲುಗಳನ್ನು ದಾಟಿ ಹುನಗುಂದ, ಅಮೀನಗಡಗಳ ಮೇಲೆ ಐಹೊಳೆಯನ್ನು ಸೇರುವಾಗ ಬೈಗಾಗಿತ್ತು. ರಸ್ತೆಯ ಎರಡು ಬದಿಗೂ ಎರೆಯ ನೆಲದಲ್ಲಿ ಬಿಳಿಜೋಳ ತೆನೆಬಿಟ್ಟು ನಿಂತಿತ್ತು. ಗುಡಿಗಳ ಆವರಣದಲ್ಲಿ ರಾತ್ರಿ ತಂಗುವಂತಿಲ್ಲವಾದುದರಿಂದ ಊರ ಹೊರಗೆ ಒಬ್ಬ ರೈತನ ಅನುಮತಿ ಪಡೆದು ಅವನ ಹೊಲದ ಬದುವಿನಲ್ಲಿ ಬಿಡಾರ ಮಾಡಿದೆವು. ಅಂಥ ನಕ್ಷತ್ರಗಳನ್ನು ಮಕ್ಕಳು ಅದುವರೆಗೆ ಕಂಡಿರಲಿಲ್ಲ. ಬೆಳಗಿಗೆ ನೋಡಿದರೆ ನಲ್ಲಿಯೊಂದು ಸೋರಿ ತೊಟ್ಟಿ ಪೂರಾ ಬರಿದಾಗಿತ್ತು! ಮಂಚವಿದ್ದು ನೀರಿಲ್ಲದ ಮನೆಯ ಅವಸ್ಥೆಯನ್ನು ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ.

ಕೊಡ ಹುಡುಕುತ್ತ ಊರೊಳಗೆ ಹೋದಾಗ ಗುಡಿಯೊಂದಕ್ಕೆ ಬೆನ್ನುಕೊಟ್ಟಂತಿದ್ದ ಮನೆಯ ತಾಯಿಯೊಬ್ಬರು ನಮ್ಮನ್ನು ಕರೆದರು. ಎಂಟು ಕೊಡ ನೀರನ್ನು ಮಗನಿಂದ ಹೊರಿಸಿ, ತಾವೂ ಕುತೂಹಲದಿಂದ ಬಂದು ನಮ್ಮ ವಾಹನವನ್ನು ಹತ್ತಿ, ಒಲೆಯನ್ನೂ ಮಡಿಚುವ ಮಂಚವನ್ನೂ ಮುಟ್ಟಿ ನೋಡಿದರು.

ಐಹೊಳೆಯಲ್ಲಿ ನೂರಕ್ಕೆ ಮಿಕ್ಕ ಗುಡಿಗಳಿವೆ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳು ದೇವರನ್ನಲ್ಲ, ನೆರೆಯವರನ್ನು ನೆನಪಿಗೆ ತರುತ್ತವೆ. ಗಜಪೃಷ್ಠಾಕಾರದ ಪ್ರಸಿದ್ಧ ದುರ್ಗದ ಗುಡಿಗೂ ಆ ಹೆಸರು ಬಂದುದು ಬಳಿಯ ಕೋಟೆಯಿಂದ, ದೇವಿಯಿಂದಲ್ಲ. ಲಾಡ್‌ಖಾನ್ ಎಂಬುದು ಒಮ್ಮೆ ಅದರಲ್ಲಿ ಬಾಳಿದವನ ಹೆಸರು. ನನಗೆ ಎಲ್ಲಕ್ಕಿಂತ ಹಿಡಿಸಿದುದು ಇದೇ ಗುಡಿ. ಇಳಿಜಾರಾದ ಚಪ್ಪಡಿಗಳನ್ನು ಹಾಸಿ, ಸಂದುಗಳ ಮೇಲೆ ನೀಳವಾದ ಕಲ್ಲಿನ ಪಟ್ಟಿಗಳನ್ನಿಟ್ಟು, ಮರದ ಮನೆಯ ಮಾಡನ್ನೇ ಶಿಲ್ಪಿಗಳು ಕಲ್ಲಿನಲ್ಲಿ ಕಟ್ಟಿದ್ದಾರೆ. ಮೇಗುತಿಯ ಬೆಟ್ಟವನ್ನು ತಾಯಿಯವರಿಗೆ ಹತ್ತಲಾಗಲಿಲ್ಲ. ರವಿಕೀರ್ತಿಯ 634ರ ಶಾಸನವನ್ನು ಮಕ್ಕಳಿಗೆ ತೋರಿಸಿ ಬೇಗನೆ ಇಳಿದೆವು.

ಈ ಊರು ತಿರುಗಾಟಕ್ಕೂ ಹೆಸರಾದುದು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ಎತ್ತು ಕತ್ತೆಗಳ ಮೇಲೆ ಸರಕು ಹೇರಿ ದಕ್ಷಿಣದೇಶವನ್ನೆಲ್ಲ ಸುತ್ತಿತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ.

ಸಂಜೆ ಕೊಡ ಹಿಂದಿರುಗಿಸಲು ಹೋದಾಗ ಆ ತಾಯಿ ತಮ್ಮ ಕಷ್ಟವನ್ನು ಹೇಳಿದರು. ಗುಡಿಗಳ ರಕ್ಷಣೆಗಾಗಿ ಊರನ್ನೇ ಬೇರೆಡೆಗೆ ಸಾಗಿಸುವ ಮಾತು ಬಹುಕಾಲದಿಂದ ನಡೆದಿದೆ. 2010ರ ಕಾನೂನಿನಂತೆ ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಮಗನ ಮದುವೆಯಾಗಿದೆ; ಒಂದು ಕೋಣೆ ಕೂಡಿಸುವಂತಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿಬಂದಾಗ ಗಂಟುಮೂಟೆ ಕಟ್ಟಿದ್ದರಂತೆ. ನೀರು ಇಳಿಯಿತು, ಹಿಂದಿರುಗಿದರು. “ಹೋಗು ಅಂದರ ಹೋಗತೀವಿ, ಇರು ಅಂದರ ಇರತೀವಿ. ನಡುವ ನಿಲ್ಲಿಸಿದರ ಹ್ಯಾಂಗ?” ಎಂದು ಕೇಳಿದರು. ಗುಡಿಗಳು ಉಳಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಾಲ್ಕು ದಿನ ಹಣ ತೆತ್ತು ನೆಲೆಯಿಲ್ಲದವರಂತೆ ಆಡುತ್ತಿದ್ದ ನನಗೆ ಆಕೆಯ ಮುಖ ನೋಡಲು ಸಂಕೋಚವಾಯಿತು. ತಾಯಿಯವರು ಮಾತ್ರ ಕಟ್ಟೆಯ ಮೇಲೆ ಕುಳಿತು, ಬನಶಂಕರಿಯ ಜಾತ್ರೆ, ಹಳೆಯ ಬಂಡಿಗಳೆಂದು ಅವರೊಡನೆ ಕತ್ತಲಾಗುವವರೆಗೂ ಮಾತಾಡಿದರು.

ಮರುದಿನ ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದಾಗ ಮಂಚದ ಕೆಳಗೆ ಒಂದು ತಾಮ್ರದ ಕೊಡ ಉರುಳಿದ ಸದ್ದಾಯಿತು. ಎಂಟರಲ್ಲಿ ಏಳನ್ನೇ ಹಿಂದಿರುಗಿಸಿದ್ದೆವು! ಆ ಇಕ್ಕಟ್ಟಾದ ರಸ್ತೆಯಲ್ಲಿ ಅಷ್ಟು ಉದ್ದದ ಮನೆಯನ್ನು ತಿರುಗಿಸಲು ಅರ್ಧ ಗಂಟೆ ಹಿಡಿಯಿತು.