ಮೂರನೆಯ ನಿಲ್ದಾಣ

ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಮೂರು ಅಕ್ಷರ ಕಲಿತೆ. ಕಲಿತದ್ದು ರಾತ್ರಿ, ಊಟವಾದ ಮೇಲೆ; ಮರುದಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಅವುಗಳಿಂದಲೇ ಮೋಸಹೋದೆ.

೨೦೧೮ರ ಅಕ್ಟೋಬರಿನಲ್ಲಿ ನಾನು ಬೀಜಿಂಗಿನಲ್ಲಿದ್ದೆ. ಮಗ ಅಲ್ಲಿನ ವಿಶ್ವವಿದ್ಯಾನಿಲಯವೊಂದಕ್ಕೆ ಸಂಶೋಧನೆಗೆಂದು ಹೋಗಿದ್ದ. ಮನೆ ಊರಿನ ವಾಯವ್ಯ ಭಾಗದ ವೂದಾವ್‌ಕೋ ಎಂಬಲ್ಲಿ. ಮೊದಲ ಹತ್ತು ದಿನ ಮಗ ಸೊಸೆಯರು ಸರದಿಯ ಮೇಲೆ ನನ್ನನ್ನು ಊರು ಸುತ್ತಿಸಿದರು. ಹನ್ನೊಂದನೆಯ ದಿನ ಇಬ್ಬರಿಗೂ ಕೆಲಸ. ಕಿಟಕಿಯ ಬಳಿ ಕುಳಿತು ಬೈಸಿಕಲ್ಲುಗಳನ್ನು ಎಣಿಸುವ ಬದಲು, ಒಬ್ಬನೇ ಹೋಗಿ ಯೊಂಗ್‌ಹೆಗೊಂಗ್ ಎಂಬ ಲಾಮಾ ದೇವಾಲಯವನ್ನು ನೋಡಿಬರುತ್ತೇನೆಂದೆ. ಅಲ್ಲಿ ಮೈತ್ರೇಯ ಬುದ್ಧನ ವಿಗ್ರಹವೊಂದಿದೆ. ನೆಲದ ಮೇಲೆ ೧೮ ಮೀಟರು, ನೆಲದೊಳಗೆ ೮ ಮೀಟರು; ಇಷ್ಟೂ ಒಂದೇ ಗಂಧದ ಮರದ ಕಾಂಡ ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಹುಟ್ಟಿ, ಬೆರಳುದ್ದದ ಗಂಧದ ಕೊರಡನ್ನು ಮೂರು ತಲೆಮಾರು ತೇದ ಮನೆಯಿಂದ ಬಂದವನು ಅದನ್ನು ನೋಡದೆ ಹಿಂದಿರುಗುವುದು ಹೇಗೆ?

“ದಾರಿ ಸುಲಭ ಅಪ್ಪ” ಎಂದ ಮಗ. ಮನೆಯ ಹತ್ತಿರವೇ ೧೩ನೆಯ ಮಾರ್ಗದ ಮೆಟ್ರೋ ನಿಲ್ದಾಣ. ಅಲ್ಲಿ ಹತ್ತಿದರೆ ಮೂರನೆಯದು ಶೀಜರ್ಮನ್. ರೈಲಿಗೆ ಅದೇ ಕೊನೆ. ಇಳಿದು ನಡೆದು ೨ನೆಯ ಮಾರ್ಗದ ರೈಲು ಹಿಡಿದರೆ ನಾಲ್ಕನೆಯ ನಿಲ್ದಾಣವೇ ದೇವಾಲಯ. ಶೀಜರ್ಮನ್ ಎಂದೊಡನೆ ನನಗೆ ಜರ್ಮನಿಯ ನೆನಪಾಯಿತು. ಮಗ ನಕ್ಕು, “ಶೀ ಅಂದರೆ ಪಶ್ಚಿಮ, ಜರ್ ಅಂದರೆ ನೇರ, ಮನ್ ಅಂದರೆ ಊರಬಾಗಿಲು” ಎಂದು ಒಂದು ಚೀಟಿಯ ಮೇಲೆ ಮೂರು ಚೀನೀ ಅಕ್ಷರಗಳನ್ನು ದಪ್ಪವಾಗಿ ಬರೆದ. ಕೆಳಗೆ ದೇವಾಲಯದ ಹೆಸರನ್ನೂ ಬರೆದ.

“ಎಲ್ಲ ಕಡೆಯೂ ಕೆಳಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಅದನ್ನು ನೋಡಿಕೊಂಡು ಹೋದರೆ ಸಾಕು.”

ಆ ಇಂಗ್ಲಿಷಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಎಕ್ಸ್ ಎಂದು ಬರೆದು ಶ ಎನ್ನುತ್ತಾರೆ, ಕ್ಯೂ ಎಂದು ಬರೆದು ಚ ಎನ್ನುತ್ತಾರೆ. ನಾನು ಓದಿದ್ದನ್ನು ಯಾವ ಚೀನೀಯನೂ ಗುರುತಿಸಿರಲಿಲ್ಲ. ಅದಕ್ಕಿಂತ ಮೂಲ ಅಕ್ಷರಗಳನ್ನೇ ಕಲಿಯುವುದು ಮರ್ಯಾದೆ. ಮೂವತ್ತಮೂರು ವರ್ಷ ಮೇಷ್ಟರಾಗಿದ್ದವನಿಗೆ ಮೂರು ಅಕ್ಷರ ಯಾವ ಲೆಕ್ಕ! ಬಾಗಿಲೆಂಬ ಅಕ್ಷರ ಬಾಗಿಲ ಚೌಕಟ್ಟಿನ ಹಾಗೆಯೇ ಇದೆ, ಎಡಮೂಲೆಯಲ್ಲಿ ಒಂದು ಚುಕ್ಕೆ. ನೇರವೆಂಬುದು ನಿಲ್ಲಿಸಿದ ಏಣಿ. ಪಶ್ಚಿಮ ಮಾತ್ರ ಗೀಟೊಂದರಿಂದ ನೇತುಬಿದ್ದ ಪೆಟ್ಟಿಗೆಯಂತಿದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ. ಇರಲಿ, ಮೂರರಲ್ಲಿ ಎರಡು ಬಂದರೆ ನೂರಕ್ಕೆ ಅರವತ್ತಾರು. ನಮ್ಮ ಕಡೆ ಅದು ಪ್ರಥಮ ದರ್ಜೆ.

ಬೆಳಗ್ಗೆ ಹೊರಟೆ. ಬೀಜಿಂಗಿನಲ್ಲಿ ೨೦೦೮ರ ಒಲಿಂಪಿಕ್ಸ್ ಸಮಯದಿಂದ ಮೆಟ್ರೋ ಹತ್ತುವವರ ಚೀಲಗಳನ್ನೆಲ್ಲ ಯಂತ್ರದೊಳಕ್ಕೆ ಹಾಯಿಸಿ ನೋಡುವ ಪದ್ಧತಿಯಿದೆ. ನನ್ನ ಚೀಲದಲ್ಲಿ ಸೊಸೆ ಕೊಟ್ಟ ಕಾಫಿಯ ಫ್ಲಾಸ್ಕಿತ್ತು. ಕಾವಲಿನ ಹುಡುಗಿ ಅದನ್ನು ಎತ್ತಿ ಹಿಡಿದು, ಬಾಯಿಯ ಕಡೆ ಕೈಮಾಡಿ ಏನೋ ಹೇಳಿದಳು. ಪಾಪ, ಬೆಳಗಿನಿಂದ ನಿಂತಿದ್ದಾಳೆ, ಕಾಫಿ ಬೇಕಾಗಿರಬಹುದೆಂದು ನಾನು ಮುಚ್ಚಳದಲ್ಲಿ ಬಗ್ಗಿಸಿ ಅವಳಿಗೇ ನೀಡಿದೆ. ಹಿಂದಿದ್ದ ಸಾಲು ನಕ್ಕಿತು. ಒಳಗಿರುವುದು ಕುಡಿಯತಕ್ಕ ಪದಾರ್ಥವೇ ಎಂಬುದಕ್ಕೆ ನಾನೇ ಒಂದು ಗುಟುಕು ಕುಡಿದು ತೋರಿಸಬೇಕಂತೆ! ಕುಡಿದೆ. ನಾಲಿಗೆ ಸುಟ್ಟಿತು.

ಮೇಲೆ ಎರಡು ಕಡೆಗೆ ರೈಲು. ಒಂದು ಫಲಕದ ಮೇಲೆ ನನ್ನ ಏಣಿ, ನನ್ನ ಬಾಗಿಲು ಎರಡೂ ಕಂಡವು. ಪರಸ್ಥಳದಲ್ಲಿ ನಂಟರನ್ನು ಕಂಡ ಹಾಗಾಯಿತು. ಅಷ್ಟರಲ್ಲಿ ರೈಲೂ ಬಂತು, ಹತ್ತಿದೆ. ನನ್ನ ತಲೆಗೂದಲನ್ನು ನೋಡಿ ಹುಡುಗನೊಬ್ಬ ಎದ್ದು ಜಾಗ ಕೊಟ್ಟ. ಕುಳಿತು, ಬೆರಳು ಮಡಿಸಿ ನಿಲ್ದಾಣಗಳನ್ನು ಎಣಿಸತೊಡಗಿದೆ.

ಒಂದು. ಎರಡನೆಯದರಲ್ಲಿ ಅರ್ಧ ರೈಲೇ ಖಾಲಿಯಾಯಿತು. ಅದು ಶೀಅರ್‌ಚೀ ಎಂದೂ, ಹತ್ತಿರದ ಕಂಪ್ಯೂಟರು ಕಂಪನಿಗಳಿಗೆ ಹೋಗುವವರು ಇಳಿಯುವ ಜಾಗವೆಂದೂ ಆಮೇಲೆ ತಿಳಿಯಿತು. ಮೂರು. ಕೊನೆಯ ನಿಲ್ದಾಣವೆಂದು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ಹೊರಗೆ ಸಾಲುಸಾಲು ಎತ್ತರದ ಮನೆಗಳು. ಬಾಗಿಲು ಮುಚ್ಚಿ ರೈಲು ಮುಂದಕ್ಕೆ ಹೊರಟಿತು. ನಾನು ನಿಂತೇ ಇದ್ದೆ.

ಬೀಜಿಂಗಿನ ೧೩ನೆಯ ಮಾರ್ಗದ ಆಗಿನ ಆಕಾರ ಕುದುರೆಯ ಲಾಳದ್ದು. ಒಂದು ತುದಿ ಪಶ್ಚಿಮದ ಶೀಜರ್ಮನ್, ಇನ್ನೊಂದು ತುದಿ ಪೂರ್ವದ ದೊಂಗ್‌ಜರ್ಮನ್. ಬರೆಯುವಾಗ ಎರಡಕ್ಕೂ ಅದೇ ಏಣಿ, ಅದೇ ಬಾಗಿಲು. ಬೇರೆಯಾದದ್ದು ನಾನು ಕಲಿಯದೆ ಬಿಟ್ಟ ಮೊದಲನೆಯ ಅಕ್ಷರ ಒಂದೇ. ಪ್ರಥಮ ದರ್ಜೆಯವನು ಪೂರ್ವಕ್ಕೆ ಹೋಗುವ ರೈಲಿನಲ್ಲಿದ್ದ.

ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬಳು, ಕಾಲ ಬಳಿ ಸೊಪ್ಪಿನ ಚೀಲ ಇಟ್ಟುಕೊಂಡು ಕುಳಿತಿದ್ದಳು. ಚೀಟಿಯನ್ನು ಅವಳ ಮುಂದೆ ಹಿಡಿದೆ. ಓದಿದಳು, ನನ್ನ ಮುಖ ನೋಡಿದಳು, ಸೆರಗಿದ್ದರೆ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳೇನೋ, ಅಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ತೋಳು ಹಿಡಿದು ಕೂರಿಸಿ, ತನ್ನ ಅಂಗೈ ಮೇಲೆ ಬೆರಳಿನಿಂದ ಒಂದು ಲಾಳ ಬರೆದಳು. ಇಲ್ಲಿದ್ದೀಯೆ, ಹೀಗೆಯೇ ಹೋಗು, ಈ ತುದಿಯಲ್ಲಿ ಇಳಿ, ಅಲ್ಲಿಂದ ಒಂದೇ. ಒಂದು ಬೆರಳು ಎತ್ತಿ ತೋರಿಸಿದಳು. ಸಂಜೆ ನಕ್ಷೆ ಬಿಡಿಸಿ ಲೆಕ್ಕ ಹಾಕಿದೆ: ಅಲ್ಲಿಂದ ಹಿಂದಕ್ಕೆ ಬಂದಿದ್ದರೂ ಹತ್ತು ನಿಲ್ದಾಣ, ಮುಂದಕ್ಕೆ ಹೋದರೂ ಹತ್ತು. ಅವಳು ಹೇಳಿದ್ದು ಸರಿಯಾಗಿತ್ತು.

ತನ್ನ ನಿಲ್ದಾಣ ಬಂದಾಗ ಅವಳು ಸುಮ್ಮನೆ ಇಳಿದುಹೋಗಲಿಲ್ಲ. ಎದುರಿಗಿದ್ದ ತರುಣನನ್ನು ಕರೆದು, ನನ್ನನ್ನು ತೋರಿಸಿ, ಎರಡು ಮಾತು ಹೇಳಿ ಒಪ್ಪಿಸಿ ಹೋದಳು. ಅವನು ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ಗಂಭೀರವಾಗಿ ತಲೆಯಾಡಿಸಿದ. ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವುದು ನನಗೆ ಹೊಸದು. ನನ್ನ ತಾಯಿಗೆ ಹೊಸದಾಗಿರಲಿಲ್ಲ.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದಾಗ ಬಸ್ಸಿನ ಸಂಖ್ಯೆಯನ್ನು ಆಕಾರದಿಂದ ಗುರುತು ಹಿಡಿಯುತ್ತಿದ್ದಳು. ಹತ್ತಿದ ಮೇಲೆ ಕಂಡಕ್ಟರಿಗೆ ಒಮ್ಮೆ, ಪಕ್ಕದವರಿಗೆ ಒಮ್ಮೆ, ಅವರು ಇಳಿದರೆ ಮತ್ತೊಬ್ಬರಿಗೆ ಒಮ್ಮೆ ಹೇಳಿ ಇಡುತ್ತಿದ್ದಳು. ೧೯೮೧ರಲ್ಲಿ ಒಂದು ದಿನ ಜಯನಗರದ ಅಕ್ಕನ ಮನೆಗೆ ಹೋದವಳು ಹಿಂದಿರುಗುವಾಗ ೬ರ ಬದಲು ೯ ಇದ್ದ ಬಸ್ಸು ಹತ್ತಿದಳು. ಕನ್ನಡದ ಆ ಎರಡು ಅಂಕಿಗಳನ್ನು ನೋಡಿ: ಸುಳಿ ಯಾವ ಕಡೆ ಎಂಬುದಷ್ಟೇ ಭೇದ. ಮನೆ ಸೇರಿದಾಗ ರಾತ್ರಿ ಎಂಟೂವರೆ. ಊರೆಲ್ಲ ಹುಡುಕಿ ಬಂದಿದ್ದ ನಾನು ಬಾಗಿಲಲ್ಲೇ, ಪಕ್ಕದ ಮನೆಯವರ ಎದುರಿನಲ್ಲೇ ಕೂಗಾಡಿದೆ.

“ಬಸ್ಸಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿರುತ್ತಾರಲ್ಲಮ್ಮ!”

“ಬರೆದಿರ್ತಾರೆ ಕಣೋ” ಎಂದಳು. “ನನಗೆ ಬರಬೇಕಲ್ಲ.”

ಆ ವರ್ಷ ನಾನು ಭಾನುವಾರಗಳಂದು ಗಿರಣಿಯ ಕೆಲಸಗಾರರಿಗೆ ವಯಸ್ಕರ ಶಿಕ್ಷಣದ ತರಗತಿ ನಡೆಸುತ್ತಿದ್ದೆ. ಮನೆಯಲ್ಲೇ ಇದ್ದ ಅಮ್ಮನಿಗೆ ಯಾಕೆ ಕಲಿಸಲಿಲ್ಲ? ಹೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಲಿಲ್ಲ, ಅಷ್ಟೆ. ಆಮೇಲೆ ಅವಳು ಎಷ್ಟೋ ಸಲ ಒಬ್ಬಳೇ ಓಡಾಡಿದಳು. ತಡವಾಗಿ ಬಂದ ದಿನವೂ, ಬೆವರಿ ಬಂದ ದಿನವೂ ಕೇಳಿದರೆ ಒಂದೇ ಉತ್ತರ: “ಸಲೀಸಾಗಿ ಬಂದೆ ಕಣಪ್ಪ.” ಈಗ ಅವಳಿಗೆ ದಾರಿ ಗೊತ್ತಾಗಿದೆ ಎಂದುಕೊಂಡು ನಾನು ಸಮಾಧಾನದಿಂದ ಇದ್ದೆ.

ದೊಂಗ್‌ಜರ್ಮನ್‌ನಲ್ಲಿ ಆ ತರುಣ ನನ್ನ ಜೊತೆಯೇ ಇಳಿದು, ೨ನೆಯ ಮಾರ್ಗದ ರೈಲಿಗೆ ಹತ್ತಿಸಿ, ಬಾಗಿಲು ಮುಚ್ಚುವ ತನಕ ನಿಂತಿದ್ದ. ಈ ೨ನೆಯ ಮಾರ್ಗ ಒಂದು ವರ್ತುಲ. ಬೀಜಿಂಗಿನ ಹಳೆಯ ಕೋಟೆಗೋಡೆ ಇದ್ದ ಜಾಗದ ಗುಂಟ ನೆಲದಡಿ ಸುತ್ತುತ್ತದೆ. ಊರಿನ ಮೊದಲ ಮೆಟ್ರೋ ಕೆಲಸ ೧೯೬೫ರಲ್ಲಿ ಆರಂಭವಾಗಿ ೧೯೬೯ರಲ್ಲಿ ರೈಲು ಓಡಿತು. ಆ ಕಾಲದಲ್ಲೇ ಗೋಡೆಯ ಬಹುಭಾಗ ನೆಲಸಮವಾಯಿತು. ಬಾಗಿಲ ಮೇಲೆ ನಕ್ಷೆ ಇತ್ತು. ಒಟ್ಟು ೧೮ ನಿಲ್ದಾಣ; ಅದರಲ್ಲಿ ೧೧ರ ಹೆಸರಿನ ಕೊನೆಗೆ ನನ್ನ ಆ ಚೌಕಟ್ಟು. ಬಾಗಿಲು, ಬಾಗಿಲು, ಬಾಗಿಲು. ಚಿಯೆನ್‌ಮನ್‌ನಂಥ ಒಂದೆರಡು ಬಿಟ್ಟರೆ ನೆಲದ ಮೇಲೆ ಯಾವ ಬಾಗಿಲೂ ಇಲ್ಲ. ಬೆಂಗಳೂರಿನಲ್ಲಿ ಹಲಸೂರು ಗೇಟಿನಲ್ಲಿ ಇಳಿದು ಗೇಟು ಎಲ್ಲಿ ಎಂದು ಯಾರೂ ಹುಡುಕುವುದಿಲ್ಲವಷ್ಟೆ.

ಬುದ್ಧನನ್ನು ನೋಡಿದೆ. ಕತ್ತು ನೋಯುವಷ್ಟು ಎತ್ತರ. ಗಂಧದ ಪರಿಮಳಕ್ಕೆಂದು ಉಸಿರೆಳೆದರೆ ಭಕ್ತರು ಹಚ್ಚಿದ ಊದುಬತ್ತಿಯ ಹೊಗೆಯಷ್ಟೇ ಬಂತು. ಒಂದು ಕಂಬದ ಬಳಿ ನಿಂತು ಉಳಿದ ಕಾಫಿ ಕುಡಿದೆ.

ಹಿಂದಿರುಗುವಾಗ ಮರ್ಯಾದೆ ಬಿಟ್ಟು ಕೆಳಗಿನ ಇಂಗ್ಲಿಷನ್ನೇ ಓದಿಕೊಂಡು, ಶೀಜರ್ಮನ್ ಮೇಲೆಯೇ ಬಂದೆ. ಅಲ್ಲಿನ ರೈಲು ಅಧಿಕಾರಿಗಳು ಒಂದು ಉಪಕಾರ ಮಾಡಿದ್ದಾರೆ: ಹತ್ತಿದ ಜಾಗಕ್ಕೂ ಇಳಿದ ಜಾಗಕ್ಕೂ ನಡುವಣ ಹತ್ತಿರದ ದಾರಿಗೆ ಮಾತ್ರ ಹಣ ಮುರಿದುಕೊಳ್ಳುತ್ತಾರೆ, ನಡುವೆ ಎಷ್ಟು ಸುತ್ತಿದರೂ ಕೇಳುವುದಿಲ್ಲ. ನನ್ನ ಪೂರ್ವದಿಕ್ಕಿನ ಯಾತ್ರೆಗೆ ಕಾರ್ಡಿನಲ್ಲಿ ಯಾವ ಗುರುತೂ ಉಳಿದಿರಲಿಲ್ಲ.

ಸಂಜೆ ಮಗ ಬಂದವನು ಬಾಗಿಲಲ್ಲಿ ಬೂಟು ಬಿಚ್ಚುತ್ತ, “ದಾರಿ ತಪ್ಪಲಿಲ್ಲ ತಾನೆ ಅಪ್ಪ?” ಎಂದು ಕೇಳಿದ.

ಸೊಸೆ ಅಡಿಗೆಮನೆಯಿಂದ ಇಣುಕಿದಳು. ಚೀಟಿ ಇನ್ನೂ ನನ್ನ ಜೇಬಿನಲ್ಲಿಯೇ ಇತ್ತು.

“ಇಲ್ಲ. ಸಲೀಸಾಗಿ ಬಂದೆ ಕಣಪ್ಪ” ಎಂದೆ.